ಅತ್ತೆಯ ಕಲ್ಲುಕೋಣೆ

ಜುಲೈ 14, 2002, ಭಾನುವಾರ

ಇದೊಂದನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಆಬಿದಾ ಇವತ್ತು ಮನೆಗೆ ಬಂದು, "ಯಾವ ರೂಮಾದ್ರೂ ಪರ್ವಾಗಿಲ್ಲ ವಿದ್ಯಾ, ಜನ ಮಲಗೋ ರೂಮಾಗಿದ್ರೆ ಸಾಕು" ಎಂದಾಗ ನಾನು ಯೋಚನೆ ಮಾಡದೆ ಅತ್ತೆಯ ಕೋಣೆ ತೋರಿಸಿದೆ. ಯೋಚನೆ ಮಾಡದೆ ಎನ್ನುವುದು ಸುಳ್ಳು. ಬಂದವರೆಲ್ಲ ಹೊಗಳಿ ಹೋಗುವ ಆ ಕೋಣೆಯಲ್ಲಿ ಒಂದಾದರೂ ಕುಂದು ಸಿಗಲಿ ಎಂದು ನನ್ನೊಳಗೆ ಯಾರೋ ಆಸೆಪಟ್ಟರು. ಆ ಯಾರೋ ನಾನೇ.

ಆಬಿದಾ ಮತ್ತು ನಾನು ಒಂದೇ ಕಾನ್ವೆಂಟಿನಲ್ಲಿ ಓದಿದವರು. ನಾನು ವಿಮಾ ಕಚೇರಿ ಸೇರಿದೆ, ಅವಳು ಪುಲಿಕೇಶಿನಗರದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ನಲವತ್ತು ದಾಟಿದ ಮೇಲೆ ಪಿಎಚ್‌ಡಿ ಹಿಡಿದಿದ್ದಾಳೆ. ಹಲಸೂರಿನಿಂದ ಕೆ.ಆರ್. ಪುರದ ತನಕ ಮನೆಮನೆ ಹತ್ತಿಳಿದು, ಗೋಡೆಯ ಮೇಲೆ ಪ್ಲಾಸ್ಟಿಕ್ಕಿನ ಸಣ್ಣ ಡಬ್ಬಿ ನೇತುಹಾಕಿ ಬರುತ್ತಾಳೆ. ಒಳಗೊಂದು ಕೆಂಪು ಫಿಲ್ಮಿನ ತುಂಡು.

"ಏನಮ್ಮ ಇದು, ಉಪ್ಪಿನಕಾಯಿ ಡಬ್ಬೀನಾ?" ಎಂದರು ಅತ್ತೆ.

"ಗಾಳಿ ಅಳೆಯೋದು, ಅಮ್ಮಾ."

"ಅಳೆದು ಬಿಲ್ ಕಳಿಸ್ತಾರಾ?"

ಆಬಿದಾ ನಕ್ಕು, ಮಂಚದ ತುದಿಯಲ್ಲಿ ಕೂತು ಬಿಡಿಸಿ ಹೇಳಿದಳು. ರೇಡಾನ್ ಎಂಬ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಹೆಚ್ಚಾಗಿ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಜಾಸ್ತಿಯಾಗುತ್ತದೆ. ಅದರ ಕಣಗಳು ಫಿಲ್ಮಿನ ಮೇಲೆ ಗೀರು ಬಿಡುತ್ತವೆ. ಅದನ್ನು ತೊಳೆದು, ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾಳಂತೆ.

"ಅಂದ್ರೆ ನನ್ನ ಗ್ರಾನೈಟು ಉಸಿರು ಬಿಡತ್ತೆ ಅಂತೀಯ."

"ಎಲ್ಲ ಕಲ್ಲೂ ಅಷ್ಟಿಷ್ಟು ಬಿಡತ್ತೆ ಅಮ್ಮಾ. ಇಟ್ಟಿಗೆ, ಸಿಮೆಂಟು, ಕೆಳಗಿನ ನೆಲಾನೂ. ಬಯಲಲ್ಲಾದ್ರೆ ಹಾರಿಹೋಗತ್ತೆ, ಮುಚ್ಚಿದ ರೂಮಲ್ಲಿ ನಿಂತ್ಕೊಳತ್ತೆ. ಮೂರು ತಿಂಗಳು ಇದು ಇಲ್ಲೇ ಇರ್ಲಿ. ನೀವು ಎಂದಿನ ಹಾಗೇ ಇರಿ, ಅಷ್ಟೆ."

"ನಮ್ಮನೇಲಿ ಯಾವಾಗ್ಲೂ ಎಂದಿನ ಹಾಗೇ," ಎಂದು ಅತ್ತೆ ಸೆರಗು ಸರಿಮಾಡಿಕೊಂಡರು.

ಜುಲೈ 20

ಆ ಕೋಣೆಯ ಬಗ್ಗೆ ನ್ಯಾಯವಾಗಿ ಬರೆಯಲು ಪ್ರಯತ್ನಿಸುತ್ತೇನೆ.

ಅತ್ತೆಗೆ ಮದುವೆಗೆ ಮುಂಚೆ ಕ್ಷಯ ಬಂದು, ಎಡಗಡೆಯ ಶ್ವಾಸಕೋಶದಲ್ಲಿ ಒಂದು ಭಾಗ ಕತ್ತರಿಸಿ ತೆಗೆದಿದ್ದಾರೆ. "ನಂದು ಒಂದೂವರೆ ಲಂಗ್ಸು" ಎಂದು ನೆಂಟರಿಗೆ ತಾವೇ ಹೇಳಿಕೊಂಡು ನಗುತ್ತಾರೆ. ಆ ಒಂದೂವರೆಯಲ್ಲೇ ಟೆಲಿಫೋನ್ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ದುಡಿದರು. ಎಕ್ಸ್‌ಚೇಂಜುಗಳಿಗೆ ಹೋಗುವ ರಿಲೇ ಎಂಬ ಪುಟ್ಟ ಸ್ವಿಚ್ಚುಗಳನ್ನು ಒಂದೊಂದಾಗಿ ಪರೀಕ್ಷಿಸಿ ಪಾಸು, ಫೇಲು ಎಂದು ಬೇರೆ ಮಾಡುವ ಕೆಲಸ. ಮಾವ ತೀರಿಹೋದ ಮರುವರ್ಷ ಕಲ್ಯಾಣ ನಗರದ ಈ ಮನೆ ಕಟ್ಟಿಸಿದ್ದೂ ಅವರೇ.

ಸುಣ್ಣದ ಗೋಡೆ ಉದುರುತ್ತದೆ, ಪುಡಿ ಅವರ ಎದೆಗೆ ಆಗದು. ಹಾಗಾಗಿ ತಮ್ಮ ಕೋಣೆಯ ನೆಲಕ್ಕೂ, ಗೋಡೆಗೆ ಭುಜದೆತ್ತರದವರೆಗೂ ಕೆಂಪು ಗ್ರಾನೈಟು ಹಾಕಿಸಿದ್ದಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಒಂದು ಕಣ ಧೂಳಿಲ್ಲ. ಕಲ್ಲಿನಂಗಡಿಗಳಲ್ಲಿ ಬೇರೆಯವರು ಬಿಟ್ಟುಹೋದ ತುಂಡುಗಳನ್ನು ತಾವೇ ಆರಿಸಿ, ಹಿಂಬದಿಗೆ ಬಳಪದಲ್ಲಿ ನಂಬರು ಹಾಕಿ, ಒಂದರ ಗೆರೆ ಇನ್ನೊಂದಕ್ಕೆ ಕೂಡುವ ಹಾಗೆ ಜೋಡಿಸಿದರು. ಮಂಚದ ತಲೆಯ ಕಡೆ ಇರುವ ಕಲ್ಲಿನಲ್ಲಿ ಕಪ್ಪು ಎಳೆಗಳು ಬಾಚಿದ ಕೂದಲಿನಂತೆ ಇಳಿದಿವೆ. ಅದನ್ನು ನೋಡಿದವರು ಒಮ್ಮೆ ಕೈಯಾಡಿಸದೆ ಹೋಗುವುದಿಲ್ಲ. ಇರುವುದೊಂದೇ ಕಿಟಕಿ. ರಿಂಗ್ ರೋಡಿನ ಧೂಳು ಬರುತ್ತದೆಂದು ಅದನ್ನು ಸದಾ ಮುಚ್ಚಿ, ಸಂದಿಗೆ ಹಳೆಯ ಸೀರೆಯ ಪಟ್ಟಿ ತುರುಕಿರುತ್ತಾರೆ.

ಇಷ್ಟೆಲ್ಲ ಬರೆದ ಮೇಲೂ ನನ್ನದು ಹೊಟ್ಟೆಕಿಚ್ಚೇ ಎಂದು ಕಾಣುತ್ತದೆ. ಈ ಮನೆಯಲ್ಲಿ ನಾನು ಆರಿಸಿದ್ದು ಪರದೆಗಳನ್ನು ಮಾತ್ರ.

ಆಗಸ್ಟ್ 11

ಮಧ್ಯಾಹ್ನ ಜೋರು ಮಳೆ. ಅತ್ತೆಯ ಕೋಣೆಯ ಕಿಟಕಿ ತೆರೆದಿತ್ತು, ಇರಚಲು ಮಂಚದವರೆಗೂ ಬರುತ್ತಿತ್ತು. ಮುಚ್ಚಲು ಹೋದರೆ, "ಇರ್ಲಿ ಬಿಡು, ಒಳ್ಳೆ ಗಾಳಿ" ಎಂದರು. ಟೇಬಲ್ ಫ್ಯಾನು ಬೇರೆ ತಿರುಗುತ್ತಿತ್ತು. ಅವರಿಗೆ ವಯಸ್ಸಾಗುತ್ತಿದೆ, ಸೆಕೆ ಜಾಸ್ತಿ ಆಗುತ್ತದೇನೋ. ನನ್ನ ಗಂಡ ಶ್ರೀಹರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಅಮ್ಮಂಗೆ ಸೆಕೆನಾ?" ಎಂದು ಕೇಳಿ ಅಲ್ಲಿಗೇ ಬಿಟ್ಟರು.

ಅಕ್ಟೋಬರ್ 14, ಆಯುಧಪೂಜೆ

ಅತ್ತೆ ಹೊಲಿಗೆ ಮೆಷಿನ್ನು, ಈಳಿಗೆಮಣೆ, ಶ್ರೀಹರಿಯ ಸ್ಕೂಟರು ಎಲ್ಲಕ್ಕೂ ಕುಂಕುಮ ಇಟ್ಟರು. ಆಮೇಲೆ ಸ್ಟೂಲು ಹತ್ತಿ ಆಬಿದಾಳ ಡಬ್ಬಿಗೂ ಇಟ್ಟರು. ಬೇಡ ಎನ್ನುವಷ್ಟರಲ್ಲಿ ಸೇವಂತಿಗೆಯನ್ನೂ ಸಿಕ್ಕಿಸಿ ಆಗಿತ್ತು.

"ಅದೂ ಕೆಲಸ ಮಾಡ್ತಿದೆ ತಾನೆ, ಪಾಪ."

ಅಕ್ಟೋಬರ್ 19

ಆಬಿದಾ ಬಂದು ಡಬ್ಬಿ ತೆಗೆದುಕೊಂಡು ಹೋದಳು. ಕುಂಕುಮ ನೋಡಿ ಬಾಗಿಲಿಗೆ ಒರಗಿ ನಕ್ಕಳು. "ಇಷ್ಟು ಮರ್ಯಾದೆ ನನ್ನ ಡಬ್ಬಿಗೆ ಯಾರ ಮನೇಲೂ ಸಿಕ್ಕಿಲ್ಲ ಅಮ್ಮಾ." ಹೊರಗೆ ಮಾತ್ರ ತಾಗಿದೆ, ಫಿಲ್ಮಿಗೇನೂ ಆಗಿಲ್ಲವಂತೆ.

ನವೆಂಬರ್ 9

ಫಲಿತಾಂಶ ಬಂತು. ಏನೂ ತೊಂದರೆಯಿಲ್ಲ. ಇಷ್ಟು ಕಲ್ಲಿರುವ ಮುಚ್ಚಿದ ಕೋಣೆಯಲ್ಲಿ ಹೆಚ್ಚು ಬರಬಹುದು ಎಂದುಕೊಂಡಿದ್ದಳಂತೆ. ಅವಳು ನೋಡಿದ ಮನೆಗಳಲ್ಲೇ ಇದು ಕಡಿಮೆ ಬಂದ ಕೋಣೆಗಳಲ್ಲೊಂದು.

ಅತ್ತೆಯ ಮುಖ ನೋಡಬೇಕಿತ್ತು. "ನೋಡಿದ್ಯಾ? ನಿನ್ನ ಅಡುಗೆಮನೇಲಿ ಇಡಿಸ್ಬೇಕಿತ್ತು ಕಣೇ, ಅಲ್ಲಿ ಗೊತ್ತಾಗ್ತಿತ್ತು" ಎಂದು ನನ್ನನ್ನು ಕೆಣಕಿದರು. ಆಬಿದಾಳಿಗೆ ರೋಜಾ, ರಂಜಾನಿನ ಉಪವಾಸ. ಅವಳಿಗೆ ಕಾಫಿ ಬೇಕಾ ಎಂದು ಒಮ್ಮೆಯೂ ಕೇಳದೆ, ಸಂಜೆಯವರೆಗೆ ಮಾತಿನಲ್ಲೇ ಕೂರಿಸಿಕೊಂಡು, ಹೊತ್ತು ಮುಳುಗುವಾಗ ಖರ್ಜೂರ, ಸಜ್ಜಿಗೆ ತಂದು ಮುಂದಿಟ್ಟರು. ಖರ್ಜೂರ ಯಾವಾಗ ತರಿಸಿದ್ದರೋ ನನಗೆ ಗೊತ್ತಿಲ್ಲ.

ನನಗೆ ನಿರಾಸೆ ಆಯಿತೇ ಎಂದು ನನ್ನನ್ನೇ ಕೇಳಿಕೊಂಡೆ. ಚೂರು ಆಯಿತು. ಆಮೇಲೆ ಹೋಯಿತು. ಅವರು ನಗುವಾಗ ಕೊನೆಯಲ್ಲಿ ಸಣ್ಣಗೆ ಉಬ್ಬಸ ಬರುತ್ತದೆ. ಇಷ್ಟು ವರ್ಷ ಅದನ್ನು ಕೇಳಿಯೇ ಇರಲಿಲ್ಲವೇನೋ.

ನವೆಂಬರ್ 10

ಬೆಳಿಗ್ಗೆ ಬೆಡ್‌ಶೀಟು ಕೊಡಲು ಹೋದೆ. ಅತ್ತೆಯ ಕೋಣೆಯ ಕಿಟಕಿ ಮುಚ್ಚಿದೆ. ಸಂದಿಗೆ ಸೀರೆಯ ಪಟ್ಟಿ. ಟೇಬಲ್ ಫ್ಯಾನು ಕವರು ಹಾಕಿಸಿಕೊಂಡು ಅಟ್ಟ ಸೇರಿದೆ.

ಬೆಡ್‌ಶೀಟು ಹಿಡಿದುಕೊಂಡು ನಿಂತುಬಿಟ್ಟೆ. ಡಬ್ಬಿ ಇದ್ದಷ್ಟು ದಿನ ಆ ಕಿಟಕಿ ತೆರೆದೇ ಇತ್ತು. ಡಬ್ಬಿ ಹೋಯಿತು, ಕಿಟಕಿ ಮುಚ್ಚಿತು. ಹಾಗಾದರೆ ಆಬಿದಾ ಅಳೆದದ್ದು ಯಾವ ಕೋಣೆಯನ್ನು?

ನವೆಂಬರ್ 11

ಹೇಳಲಿಲ್ಲ.

ನವೆಂಬರ್ 13

ಇವತ್ತೂ ಹೇಳಲಿಲ್ಲ. ಆಫೀಸಿನಲ್ಲಿ ಕ್ಲೇಮುಗಳನ್ನು ನೋಡುವಾಗ, 'ಮೊದಲು ಯಾವ ಕಾಯಿಲೆಯೂ ಇರಲಿಲ್ಲ' ಎಂದು ಜನ ಬರೆದಿರುವುದನ್ನು ಓದಿ ಎಷ್ಟು ಸುಲಭವಾಗಿ ಅನುಮಾನಪಡುತ್ತೇನೆ. ಮನೆಯಲ್ಲಿ ಗೊತ್ತಿರುವ ವಿಷಯಕ್ಕೇ ಬಾಯಿಲ್ಲ.

ಕಾರಣವೂ ಗೊತ್ತು. ನಾನೀಗ ಹೇಳಿದರೆ ಅದು ಜುಲೈನ ನನ್ನ ಆಸೆಯೇ ಬಾಯಿಬಿಟ್ಟ ಹಾಗಿರುತ್ತದೆ. ಅತ್ತೆ ಅದನ್ನು ತಕ್ಷಣ ಕಂಡುಹಿಡಿಯುತ್ತಾರೆ, ಫೇಲಾದ ಪೀಸುಗಳನ್ನು ಹಿಡಿಯುವುದೇ ಅವರ ಕೆಲಸವಾಗಿತ್ತು. ಹೇಳದಿದ್ದರೆ ಅವರು ಆ ಕಿಟಕಿ ಮುಚ್ಚಿಕೊಂಡು, ಪಾಸಾದ ಕೋಣೆ ಎಂಬ ಧೈರ್ಯದಲ್ಲಿ, ಇನ್ನು ಹತ್ತು ವರ್ಷ ಅಲ್ಲೇ ಮಲಗುತ್ತಾರೆ. ಒಂದೂವರೆ ಶ್ವಾಸಕೋಶದಲ್ಲಿ. ನನ್ನ ಮರ್ಯಾದೆಗಾಗಿ.

ನವೆಂಬರ್ 16

ಹೇಳಿದೆ.

ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು.

"ಅತ್ತೆ, ಆ ಮೂರು ತಿಂಗಳು ಕಿಟಕಿ ತೆರೆದಿಟ್ಟಿದ್ರಲ್ಲ."

"ಹೂಂ. ಅದಕ್ಕೇನೀಗ?"

"ನೀವು ಯಾವತ್ತೂ ತೆರೆಯಲ್ಲ."

"ಒಬ್ರು ಬಂದು ನೋಡ್ತಾರೆ ಅಂದ್ರೆ ಮನೆ ಚೆನ್ನಾಗಿರಬೇಡ್ವಾ? ಫ್ಯಾಕ್ಟರೀಲಿ ಇನ್ಸ್‌ಪೆಕ್ಷನ್ ಅಂದ್ರೆ ನಾವು ಹಿಂದಿನ ದಿನಾನೇ ಶಾಪ್ ಫ್ಲೋರ್ ತೊಳೆದು, ಕಿಟಕಿ ಎಲ್ಲ ತೆಗೆದು..."

ಅಲ್ಲಿಗೆ ಅವರ ಕೈ ನಿಂತಿತು.

"ಡಬ್ಬಿ ಅಳೆದದ್ದು ನೀವು ಮಲಗೋ ರೂಮನ್ನಲ್ಲ, ಅತ್ತೆ. ನೆಂಟರಿಗೆ ತೋರಿಸೋ ರೂಮನ್ನ."

ಅವರು ನನ್ನನ್ನು ದಿಟ್ಟಿಸಿದರು. "ನನ್ನ ರೂಮು ಫೇಲಾಗ್ಲಿ ಅಂತ ನಿನಗೆ ಆಸೆನಾ?"

ಇಲ್ಲ ಎನ್ನಬಹುದಿತ್ತು. "ಜುಲೈನಲ್ಲಿ ಇತ್ತು," ಎಂದೆ. "ಈಗ ಇಲ್ಲ. ಈಗ ಭಯ ಆಗ್ತಿದೆ."

ಅವರು ಮಡಿಲಿನ ಸಿಪ್ಪೆ ಕೊಡವಿ ಎದ್ದು ಕೋಣೆಗೆ ಹೋದರು. ಬಾಗಿಲು ಹಾಕಿಕೊಂಡರು. ಊಟಕ್ಕೂ ಬರಲಿಲ್ಲ. ಶ್ರೀಹರಿ ಹೋಗಿ ಕರೆದರೆ, "ಹಸಿವಿಲ್ಲ ಕಣೋ" ಎಂಬ ಉತ್ತರ ಮಾತ್ರ ಬಂತು.

ಕೆಟ್ಟ ಸೊಸೆಯಂತೆ ಹೇಳಿದೆನೋ, ಒಳ್ಳೆಯ ಸೊಸೆಯಂತೆ ಹೇಳಿದೆನೋ ತಿಳಿಯುತ್ತಿಲ್ಲ.

ನವೆಂಬರ್ 17

ಬೆಳಿಗ್ಗೆ ಎದ್ದು ಬಂದಾಗ ಅತ್ತೆ ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು ಫೋನಿನ ಮುಂದೆ ನಿಂತಿದ್ದರು. ಡ್ಯೂಟಿಗೆ ಹೊರಟವರಂತೆ.

"ಆಬಿದಾ, ನಾನಮ್ಮ, ಅಮ್ಮಣ್ಣಿ. ನಿನ್ನ ಡಬ್ಬಿಗೆ ನಾನು ಮೋಸ ಮಾಡ್ಬಿಟ್ಟೆ ಕಣಮ್ಮ... ಇಲ್ಲ ಇಲ್ಲ, ಕುಂಕುಮ ಅಲ್ಲ. ಕೇಳಿಲ್ಲಿ. ನಮ್ಮ ಟೆಸ್ಟಿಂಗ್ ಬೆಂಚಲ್ಲಿ ಕೆಲವು ಹುಡುಗೀರು ರಿಲೇನ ಬೆರಳಲ್ಲಿ ಒತ್ತಿ ಹಿಡಿದು, ಮೀಟರಿನ ಮುಳ್ಳು ಏಳೋ ಹಾಗೆ ಮಾಡ್ತಿದ್ರು. ಹಿಡಿದು ಹಿಡಿದು ವಾಪಸ್ ಕಳಿಸ್ತಿದ್ದೆ ನಾನು. ಈಗ ನೋಡು, ಬೆರಳು ನಂದೇ."

ಅವರ ದನಿಯಲ್ಲಿ ಅಳುಕಿರಲಿಲ್ಲ. ನನ್ನನ್ನು ದೂರಲೂ ಇಲ್ಲ. ಫೋನಿಟ್ಟು ನನ್ನ ಕಡೆ ತಿರುಗಿ, "ಮತ್ತೆ ಅಳೀತಾಳಂತೆ. ಈ ಸಲ ಮುಚ್ಚಿಯೇ" ಎಂದರು. ಆಮೇಲೆ, "ಅವರೆಕಾಳು ಫ್ರಿಜ್ಜಲ್ಲಿಟ್ಟೆ ತಾನೆ?"

ತಾನೇ ಕಟ್ಟಿಸಿದ್ದನ್ನು ಫೇಲು ಮಾಡಲು ತಾನೇ ಫೋನು ಮಾಡುವವರನ್ನು ನಾನು ಇದುವರೆಗೆ ಕಂಡಿಲ್ಲ. ನಾನಾಗಿದ್ದರೆ ಮಾಡುತ್ತಿದ್ದೆನೇ? ಪರದೆಗಳಿಗೆ ಕುಂದು ಹೇಳಿದ್ದಕ್ಕೇ ಎರಡು ದಿನ ಮಾತು ಬಿಟ್ಟವಳು ನಾನು.

ನವೆಂಬರ್ 24

ಹೊಸ ಡಬ್ಬಿ ನೇತುಹಾಕಿದ್ದಾಯಿತು. ಕಿಟಕಿ ಮುಚ್ಚಿ, ಸೀರೆಯ ಪಟ್ಟಿ ತುರುಕಿ, ಬಾಗಿಲು ಎಳೆದುಕೊಂಡೆವು. ದಿನಕ್ಕೆ ಒಂದೆರಡು ಸಲ ಒಳಗೆ ಹೋಗಿ ಬಂದರೆ ಸಾಕಂತೆ, ಅಲ್ಲಿ ಮಲಗುವುದು ಬೇಡ.

ಉಪವಾಸವಿದ್ದುದರಿಂದ ಆಬಿದಾ ಕಾಫಿ ಇಲ್ಲದೆ ಕೂತಿದ್ದಳು. "ಎಂದಿನ ಹಾಗೇ ಇರಿ ಅಂತ ಹೇಳಿ ಬಂದುಬಿಟ್ಟೆ. ಅದೇ ನನ್ನ ತಪ್ಪು. ಯಾರಾದ್ರೂ ಬರ್ತಾರೆ ಅಂದ್ರೆ ನಮ್ಮಮ್ಮಾನೂ ಕಿಟಕಿ ಎಲ್ಲ ತೆಗೆದು ಊದುಬತ್ತಿ ಹಚ್ತಾರೆ. ಇನ್ನೆಷ್ಟು ಮನೇಲಿ ಹೀಗಾಗಿದೆಯೋ." ಅವಳ ಮುಖ ಸಣ್ಣದಾಗಿತ್ತು. ಆದರೂ ಎದ್ದಾಗ, "ಎಲ್ಲರನ್ನೂ ಮತ್ತೆ ಕೇಳ್ತೀನಿ" ಎಂದಳು. ಇದೂ ಒಂದು ಧೈರ್ಯವೇ.

ಅತ್ತೆಗೆ ಮಹಡಿಯ ಮೇಲೆ ನಮ್ಮ ಮಂಚದಲ್ಲಿ ನನ್ನ ಪಕ್ಕ ಜಾಗ. ಶ್ರೀಹರಿಗೆ ಹಾಲ್‌ನಲ್ಲಿರುವ ದಿವಾನ್. "ನನ್ನ ಮನೇಲಿ ನನಗೇ ಮಂಚ ಇಲ್ವಲ್ಲೇ" ಎಂದು ಗೊಣಗಿದರು.

"ನಿನ್ನ ಮನೇನಾ? ಕಾಗದ ತೋರಿಸು" ಎಂದರು ಅವರಮ್ಮ.

ಡಿಸೆಂಬರ್ 22

ತುಂಬ ದಿನದಿಂದ ಬರೆದಿಲ್ಲ. ದೀಪ ಆರಿಸಿದ ಮೇಲೆ ಅತ್ತೆ ಮಾತಾಡುತ್ತಾರೆ, ನಾನು ಕೇಳುತ್ತೇನೆ. ಹಾಗಾಗಿ ಬರೆಯಲು ಏನೂ ಉಳಿಯುವುದಿಲ್ಲ.

ಆಸ್ಪತ್ರೆಯ ಕಥೆಯನ್ನು ಮೊದಲ ಸಲ ಪೂರ್ತಿ ಹೇಳಿದರು. ಕ್ಷಯ ರೋಗಿಗಳನ್ನು ಚಳಿಗಾಲದಲ್ಲೂ ವರಾಂಡದಲ್ಲೇ ಮಲಗಿಸುತ್ತಿದ್ದರಂತೆ, ಗಾಳಿಯೇ ಔಷಧ ಎಂದು. "ಎಷ್ಟು ಚಳಿ ಅಂತೀಯ! ಅವತ್ತೇ ಅಂದ್ಕೊಂಡೆ, ಇಲ್ಲಿಂದ ಜೀವಂತ ಹೊರಗೆ ಹೋದ್ರೆ, ನಾಲ್ಕೂ ಕಡೆ ಗೋಡೆ ಇರೋ, ಗಾಳಿ ನುಗ್ಗದ ಒಂದು ರೂಮು ನಂದೇ ಅಂತ ಮಾಡ್ಕೋಬೇಕು." ಆಮೇಲೆ, "ಡಾಕ್ಟ್ರೇ ಸರಿ ಅಂತಾಯ್ತು ನೋಡು ಕೊನೆಗೆ" ಎಂದು ನಕ್ಕರು.

ನಮ್ಮ ಕಿಟಕಿಯನ್ನು ಅವರೇ ಒಂದು ಗೇಣು ತೆರೆದು ಮಲಗುತ್ತಾರೆ. ನನಗೆ ಚಳಿ. ಹೇಳುವುದಿಲ್ಲ, ಇನ್ನೊಂದು ರಗ್ಗು ಹೊದೆಯುತ್ತೇನೆ.

ಫೆಬ್ರವರಿ 23, 2003

ಡಬ್ಬಿ ಹೋಯಿತು. ಮಿಕ್ಕ ಮನೆಗಳನ್ನೆಲ್ಲ ಆಬಿದಾ ಕೇಳಿ ಮುಗಿಸಿದ್ದಾಳೆ. ಒಬ್ಬರೂ ಒಪ್ಪಿಲ್ಲ. "ಇಲ್ಲ ಮೇಡಂ, ನಾವು ಎಂದಿನ ಹಾಗೇ ಇದ್ವಿ" ಎಂದು ಎಲ್ಲರೂ ಹೇಳಿ, ಟೀ ಕೊಟ್ಟು ಕಳಿಸಿದ್ದಾರೆ.

ಮಾರ್ಚ್ 2

ಮೊದಲಿನದಕ್ಕಿಂತ ನಾಲ್ಕು ಪಟ್ಟು. ಕೆಲವು ದೇಶಗಳಲ್ಲಿ 'ಇನ್ನು ಏನಾದರೂ ಮಾಡಿ' ಎನ್ನುವ ಮಟ್ಟದಿಂದ ಮೇಲಕ್ಕೆ. ಆಬಿದಾ ಕಾಗದ ಮುಂದಿಟ್ಟಳು. ಅತ್ತೆ ಕನ್ನಡಕ ಹಾಕಿಕೊಂಡು ಆ ಅಂಕಿಯನ್ನು ನೋಡಿದರು.

"ಎಂಟು ವರ್ಷ ಅಲ್ಲಿ ಮಲಗಿದೀನಿ. ಏನಾಗಿದೆ ನಂಗೆ?"

"ಗೊತ್ತಿಲ್ಲ ಅಮ್ಮಾ. ಏನೂ ಆಗಿರದೇ ಇರಬಹುದು. ಅಪಾಯ ಜಾಸ್ತಿ ಆಗತ್ತೆ ಅಂತ ಹೇಳಬಲ್ಲೆ, ನಿಮಗೆ ಆಗಿದೆ ಅಂತ ನಾನು ಹೇಳೋಕಾಗಲ್ಲ."

"ಸರಿ. ಗೊತ್ತಿಲ್ಲ ಅನ್ನೋರ ಮಾತು ನಂಬಬಹುದು. ಕಲ್ಲು ಎಲ್ಲ ಕೀಳಿಸ್ಬೇಕಾ?"

"ಬೇಡ. ಕೆಳಗಿನ ನೆಲದಿಂದ ಎಷ್ಟು ಬರ್ತಿದೆ, ಕಲ್ಲಿಂದ ಎಷ್ಟು ಅಂತ ಬೇರೆ ಮಾಡೋಕೆ ಈ ಡಬ್ಬಿ ಕೈಲಾಗಲ್ಲ. ಮೊದಲು ಗಾಳಿ ಓಡಾಡ್ಲಿ. ಕಿಟಕಿ ಎದುರಿನ ಗೋಡೇಲಿ ಇನ್ನೊಂದು ಕಿಟಕಿ ಇಡಿಸಿ, ಎರಡನ್ನೂ ತೆರೆದಿಡಿ. ಆಮೇಲೆ ಮತ್ತೆ ಅಳೆಯೋಣ."

ಕಿಟಕಿಯ ಎದುರಿನ ಗೋಡೆ ಎಂದರೆ ಮಂಚದ ತಲೆಯ ಕಡೆಯದು. ನಾವು ಮೂವರೂ ಆ ಕಲ್ಲನ್ನು ನೋಡಿದೆವು. ಅತ್ತೆ ಹೋಗಿ ಅದರ ಮೇಲೆ ಅಂಗೈ ಇಟ್ಟು ನಿಂತರು. ನಾನು ಪಕ್ಕದಲ್ಲಿ ನಿಂತೆ. ತಣ್ಣಗಿತ್ತು.

"ಬಳಪ ತಗೊಂಬಾ, ವಿದ್ಯಾ," ಎಂದರು. ಎಲ್ಲಿ ಕತ್ತರಿಸಬೇಕೆಂದು ತಾವೇ ಗೆರೆ ಎಳೆದರು. ನಾನು ಮುಖ ತಿರುಗಿಸಿಕೊಂಡೆ.

ಮಾರ್ಚ್ 6

ರಜೆ ಹಾಕಿದ್ದೆ. ಶಿವಾಜಿನಗರದಿಂದ ಗಯಾಜ್ ಬಂದರು, ಕಲ್ಲು ಕತ್ತರಿಸುವ ಮೆಷಿನ್ನಿನೊಂದಿಗೆ. ಕಲ್ಲು ನೋಡಿದವರೇ ಮೆಷಿನ್ನು ಕೆಳಗಿಟ್ಟರು.

"ಅರೆ ಅಮ್ಮಾ, ಇದಕ್ಕೆ ಬ್ಲೇಡ್ ಹಾಕೋಕೆ ಮನಸ್ಸು ಬರಲ್ಲ. ಆ ಕಡೆ ಸಾದಾ ಪೀಸ್ ಇದೆ, ಅಲ್ಲಿ ಮಾಡೋಣ?"

"ಗಾಳಿ ನೇರ ಹಾಯಬೇಕಪ್ಪ. ಕಲ್ಲಿನ ಮುಖ ನೋಡ್ಕೊಂಡು ಬರತ್ತಾ ಗಾಳಿ? ಹಾಕು."

ಧೂಳಿಗೆ ಅವರು ನಿಲ್ಲುವಂತಿಲ್ಲ. ಮಹಡಿಯ ಮೇಲೆ ಬಾಗಿಲು ಹಾಕಿಕೊಂಡು ಕೂರಿಸಿ ಬಂದೆ. ಕೆಳಗೆ ಮೆಷಿನ್ನಿನ ಸದ್ದು ಶುರುವಾದಾಗ ನನಗೆ ಅಳು ಬಂತು. ನನ್ನದಲ್ಲದ ಕೋಣೆಗೆ ಯಾಕೆ ಅಳು ಎಂದು ಕೇಳಿಕೊಂಡೆ.

ಸಂಜೆ ಗಯಾಜ್ ಹೋದ ಮೇಲೆ ನಾನೇ ಒದ್ದೆ ಬಟ್ಟೆ ಹಿಡಿದು ಆ ಕೋಣೆಯ ಕಲ್ಲುಗಳನ್ನೆಲ್ಲ ಒರೆಸಿದೆ. ಹೊಸ ಕಿಟಕಿಗೆ ಸೊಳ್ಳೆಪರದೆ ಬಡಿದಾಗಿದೆ. ಎರಡೂ ತೆರೆದರೆ ಕ್ಯಾಲೆಂಡರು ಗೋಡೆ ಬಿಟ್ಟು ಹಾರುತ್ತದೆ. ಧೂಳೂ ಬರುತ್ತದೆ. ದಿನಾ ಒರೆಸಿದರಾಯಿತು.

ನಿನ್ನೆ ಎಕ್ಸ್‌ರೇ ತೆಗೆಸಿದ್ದೆವು. ಹಳೆಯ ಆಪರೇಷನ್ನಿನ ಗುರುತು ಬಿಟ್ಟರೆ ಬೇರೇನೂ ಇಲ್ಲ ಎಂದರು ಡಾಕ್ಟರು. ಸದ್ಯಕ್ಕೆ ಇಷ್ಟು. ಶ್ರೀಹರಿ ಅದನ್ನು ಎರಡೆರಡು ಸಲ ಹೇಳಿಸಿಕೊಂಡರು.

ಮಾರ್ಚ್ 8, ಶನಿವಾರ

ಬೆಳಿಗ್ಗೆ ಅತ್ತೆ ಒಂದು ಕಟ್ಟು ಪೋಸ್ಟ್ ಕಾರ್ಡು ತಂದು ಊಟದ ಮೇಜಿನ ಮೇಲಿಟ್ಟರು. ಆಬಿದಾಳ ಎಲ್ಲ ಮನೆಗಳಿಗೂ ತಾವೇ ಬರೆಯುತ್ತಾರಂತೆ. ಅವಳೊಡನೆ ಫೋನಿನಲ್ಲಿ ಮಾತಾಡಿ, ವಿಳಾಸಗಳನ್ನೂ ಬರೆದುಕೊಂಡಿದ್ದಾರೆ.

"ಅವಳು ಕೇಳಿದ್ರೆ ಯಾರೂ ಹೇಳಲ್ಲ ಕಣೇ. ಅವಳು ಮೇಡಂ, ಮಾರ್ಕ್ಸ್ ಕೊಡೋಳು. ಫೇಲಾದೋಳು ಕೇಳಿದ್ರೆ ಹೇಳ್ತಾರೆ."

ಅವರು ಹೇಳಿದ್ದನ್ನು ನಾನು ಬರೆದೆ. ಕಂಟೋನ್ಮೆಂಟ್ ಕಡೆಯ ಮನೆಗಳಿಗೆ ಕೆಳಗೆ ಇಂಗ್ಲಿಷಿನಲ್ಲೂ. ಆಗಾಗ ನಾನು ಮಾತು ಮೆದು ಮಾಡಲು ಹೋದರೆ, "ಅದೆಲ್ಲ ಬೇಡ, ಇದ್ದದ್ದು ಹಾಕು" ಎಂದು ತಡೆದರು.

'ನಮಸ್ಕಾರ. ನಾನು ಕಲ್ಯಾಣ ನಗರದ ಅಮ್ಮಣ್ಣಿ. ನಿಮ್ಮ ಮನೆಯಲ್ಲಿ ಇಟ್ಟಂಥದೇ ಡಬ್ಬಿಯನ್ನು ಆಬಿದಾ ಮೇಡಂ ನಮ್ಮ ಮನೆಯಲ್ಲೂ ಇಟ್ಟಿದ್ದರು. ನೋಡುವವರು ಬರುತ್ತಾರೆಂದು ನಾನು ಯಾವತ್ತೂ ತೆರೆಯದ ಕಿಟಕಿ ತೆರೆದಿಟ್ಟೆ. ಕೋಣೆ ಪಾಸಾಯಿತು. ಎಂದಿನಂತೆ ಮುಚ್ಚಿ ನೋಡಿದಾಗ ಫೇಲಾಯಿತು. ಈಗ ಇನ್ನೊಂದು ಕಿಟಕಿ ಇಡಿಸಿದ್ದೇನೆ. ನಾನು ಕ್ಷೇಮ. ನೀವೂ ತೆರೆದಿಟ್ಟಿದ್ದರೆ ನಾಚಿಕೆಪಡದೆ ಅವರಿಗೊಂದು ಮಾತು ತಿಳಿಸಿ, ಮತ್ತೆ ಅಳೆಯುತ್ತಾರೆ.'

ಎಲ್ಲ ಮುಗಿದ ಮೇಲೆ ಅವರು ಒಂದೊಂದರ ಕೆಳಗೂ ಸಹಿ ಹಾಕಿ, ಕಾರ್ಡುಗಳನ್ನು ನನ್ನ ಕಡೆ ತಳ್ಳಿದರು.

"ನಾನ್ಯಾಕೆ ಅತ್ತೆ?"

"ಕಿಟಕಿ ತೆರೆದೋಳು ನಾನು. ಹೇಳಿದೋಳು ನೀನು. ಒಬ್ಬಳೇ ಸಹಿ ಹಾಕಿದ್ರೆ ಅರ್ಧ ಸುಳ್ಳಾಗತ್ತೆ."

ಅಮ್ಮಣ್ಣಿ ಎಂಬ ದುಂಡು ಕನ್ನಡ ಅಕ್ಷರಗಳ ಪಕ್ಕದಲ್ಲಿ ಶ್ರೀವಿದ್ಯಾ ಎಂದು ಕನ್ನಡದಲ್ಲೇ ಬರೆದೆ. ಬ್ಯಾಂಕು, ಆಫೀಸು ಎಲ್ಲ ಕಡೆ ನನ್ನ ಸಹಿ ಇಂಗ್ಲಿಷಿನದು. ಮೊದಲ ಕೆಲವು ಕಾರ್ಡುಗಳಲ್ಲಿ ಅಕ್ಷರ ಸೊಟ್ಟ, ಆಮೇಲೆ ಕೂತುಕೊಂಡಿತು. ನಾಳೆ ಭಾನುವಾರ, ಅಂಚೆ ಕಚೇರಿ ಇಲ್ಲ. ಅಂಚೆ ಡಬ್ಬಕ್ಕೆ ಹಾಕುವುದು ಬೇಡ, ಕಚೇರಿಗೇ ಹೋಗಿ ಕೊಟ್ಟು, ಮುದ್ರೆ ಒತ್ತುವುದನ್ನು ನೋಡಿ ಬರಬೇಕು ಎನ್ನುತ್ತಿದ್ದಾರೆ ಅತ್ತೆ. ಇಬ್ಬರೂ ಹೋಗುತ್ತೇವೆ: ಸೋಮವಾರ, ಮಾರ್ಚ್ 10, 2003.